ಹೊಲಿಸದ ಜಂಪರ್ ಪೀಸ್ ಒಂಬತ್ತು ವರ್ಷ ತಿರುಗಿ ಮನೆಗೆ ಬಂತು

ಆಳಂದ ರಸ್ತೆ (ಚರ್ಚೆ ಆರಂಭಿಸಿದವರು) · ರವಿವಾರ, ಸಂಜೆ 6.10

ಹೋದ ವಾರ ಅವ್ವನ ಗೋದ್ರೇಜ್ ಖಾಲಿ ಮಾಡಿ, ಒರೆಸಿ, ಮತ್ತೆ ತುಂಬಿದೆವು. ಗೋದ್ರೇಜ್ ಎಂದರೆ ಆ ಕಂಪನಿಯದಲ್ಲ. ಕಬ್ಬಿಣದ ಕಪಾಟನ್ನು ಯಾರೇ ಮಾಡಲಿ, ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಕೆಳಗಿನ ಖಾನೆಯಲ್ಲಿ 61 ಜಂಪರ್ ಪೀಸ್, ಅಂದರೆ ರವಿಕೆಯ ಬಟ್ಟೆ, ಇದ್ದವು, ಎಣಿಸಿದವಳು ನಾನೇ. ಇವುಗಳಲ್ಲಿ ಒಂದನ್ನೂ ಅವ್ವ ಹೊಲಿಸುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಉಡಿ (ಮಡಿಲು) ತುಂಬುವಾಗ ಬಂದವು, ಉಡಿ ತುಂಬುವಾಗ ಹೋಗುತ್ತವೆ.

ಮಡಚಿ ಇಡುತ್ತಿದ್ದಾಗ ಅವ್ವ ಒಂದು ಪೀಸನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತಳು. ಗಿಣಿಹಸಿರು ಬಣ್ಣ, ಅಂಚಿಗೆ ತೆಳು ಜರಿ. ಈ ವರ್ಷ ಬೀದರಿನ ಒಂದು ಮದುವೆಯಲ್ಲಿ ಅವಳ ಉಡಿಗೆ ಬಿದ್ದದ್ದು. ಮಡಿಕೆ ಬಿಚ್ಚಿದಾಗ ಒಳ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ತೂತು ಕಂಡಿತು, ಸುತ್ತ ಕಂದು ಬಣ್ಣದ ಉಂಗುರ. ಊದಿನಕಡ್ಡಿಯ ಕಿಡಿ ಬಿದ್ದ ಗುರುತು. ಆ ಕಿಡಿ ಬಿದ್ದದ್ದು ನಮ್ಮ ದೇವರ ಜಗುಲಿಯ ಮುಂದೆಯೇ! ತೂತು ಬಿತ್ತು, ಇನ್ನು ಹೊಲಿಸಲು ಬಾರದು ಎಂದುಕೊಂಡು 2016ರಲ್ಲಿ ಕಮಲಾಪುರದ ಒಂದು ಗೃಹಪ್ರವೇಶದಲ್ಲಿ ತೂತು ಒಳಗೆ ಬರುವ ಹಾಗೆ ಮಡಚಿ ಕೊಟ್ಟು ಬಂದಿದ್ದಳಂತೆ. ಒಂಬತ್ತು ವರ್ಷ ಎಲ್ಲೆಲ್ಲಿಯೋ ತಿರುಗಿ ಅದು ತೂತಿನ ಸಮೇತ ಮನೆಗೆ ಬಂದಿದೆ.

ನನಗೆ ಅದಕ್ಕಿಂತ ಸೋಜಿಗವಾದದ್ದು ಅದರ ಕವರ್. ಕಲಬುರಗಿಯ ಒಂದು ದೊಡ್ಡ ಬಟ್ಟೆ ಮಳಿಗೆಯ ಹೆಸರು ಬಂಗಾರದ ಅಕ್ಷರದಲ್ಲಿ ಅಚ್ಚಾದ ಹೊಸ ಪಾರದರ್ಶಕ ಕವರ್. 2016ರಲ್ಲಿ ಆ ಮಳಿಗೆ ಇನ್ನೂ ತೆರೆದೇ ಇರಲಿಲ್ಲ. ಅಂದರೆ ಬಟ್ಟೆ ಹಳೆಯದು, ನಡುವೆ ಯಾರದೋ ಕೈಯಲ್ಲಿ ಅದಕ್ಕೊಂದು ಬ್ರ್ಯಾಂಡ್ ಅಂಟಿಕೊಂಡಿದೆ.

ಬಳಸಲಿಕ್ಕಾಗಿ ಕೊಳ್ಳುತ್ತೇವೆ ಎಂದು ಜಾಹೀರಾತುಗಳೆಲ್ಲ ನಂಬಿಕೊಂಡಿವೆ. ಯಾರೂ ಬಳಸದ ವಸ್ತುವಿಗೆ ಇಷ್ಟು ದೊಡ್ಡ ಮಾರುಕಟ್ಟೆ ಹೇಗೆ ನಿಂತಿದೆ? ಇದು ಬರೀ ಜಿಪುಣತನವೇ? ಅಂಗಡಿಯವರು, ಓದಿಕೊಂಡವರು, ಅನುಭವಿಗಳು ಹೇಳಬೇಕು. ಅವ್ವ ನಗುತ್ತಿದ್ದಾಳೆ, ಉತ್ತರ ಕೊಡುತ್ತಿಲ್ಲ.

ಕಪಡಾ ಬಜಾರ್ ಮೂರನೇ ತಲೆ · ರವಿವಾರ, ರಾತ್ರಿ 9.35

ಅಕ್ಕ, ಗಲ್ಲೆಯ ಮೇಲೆ ಕುಳಿತವನ ಮಾತು ಕೇಳಿ. ಗಿರಾಕಿ ಗಾದಿಯ ಮೇಲೆ ಕುಳಿತ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ ಬಣ್ಣದ್ದಲ್ಲ, ದರದ್ದೂ ಅಲ್ಲ. ‘ಕೊಡಲಿಕ್ಕೋ, ಉಡಲಿಕ್ಕೋ?’ ಅಷ್ಟೇ. ಉಡಲಿಕ್ಕೆ ಎಂದರೆ ಒಂದು ಕಪಾಟು, ಕೊಡಲಿಕ್ಕೆ ಎಂದರೆ ಇನ್ನೊಂದು. ಎರಡನೆಯದಕ್ಕೆ ನಮ್ಮ ಬಜಾರಿನಲ್ಲಿ ‘ಲೇನ್-ದೇನ್ ಮಾಲು’ ಎನ್ನುತ್ತೇವೆ. ಹೆಚ್ಚಿನದು ಸೂರತ್‌ನಿಂದ ಬರುತ್ತದೆ. ಡಜನ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಮದುವೆ ಇದ್ದ ಮನೆಯವರು ಗಂಟು ಕಟ್ಟಿಸಿಕೊಂಡು ಹೋಗುತ್ತಾರೆ.

ಉಡಲಿಕ್ಕೆ ಕೊಳ್ಳುವವರು ಬಟ್ಟೆಯನ್ನು ಬೆರಳಿನ ನಡುವೆ ಉಜ್ಜುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಬಣ್ಣ ಬಿಡುತ್ತದೆಯೇ ಎಂದು ಮೂರು ಸಲ ಕೇಳುತ್ತಾರೆ. ಕೊಡಲಿಕ್ಕೆ ಕೊಳ್ಳುವವರು ಮಡಿಕೆ ಬಿಚ್ಚುವುದೇ ಇಲ್ಲ. ಅವರಿಗೆ ಬೇಕಾದದ್ದು ಮುಖ. ಮೇಲೆ ಕಾಣುವ ಒಂದು ಗೇಣು ಮಿನುಗಬೇಕು, ಒಳಗೆ ರಟ್ಟು ನೆಟ್ಟಗಿರಬೇಕು, ಮೂಲೆ ಮುದುರಿರಬಾರದು. ಆ ತೂತು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದಿದ್ದುದರಲ್ಲಿ ನನಗೇನೂ ಸೋಜಿಗವಿಲ್ಲ. ಅಷ್ಟು ವರ್ಷ ಅದನ್ನು ಯಾರೂ ಬಿಚ್ಚಿಲ್ಲ.

ಇನ್ನು ಕವರ್. ನಮ್ಮ ಅಜ್ಜನ ಕಾಲದಲ್ಲಿ ಅಂಗಡಿಯ ಹೆಸರು ಅಚ್ಚಾದ ಕೋರಾ ಬಟ್ಟೆಯ ಕೈಚೀಲ ಕೊಡುತ್ತಿದ್ದರು. ಅದು ಹಳ್ಳಿಗೆ ಹೋಗಿ, ಹೊಲಕ್ಕೆ ರೊಟ್ಟಿ ಬುತ್ತಿ ಹೊತ್ತು, ಹರಿದು ಒರೆಸುವ ಅರಿವೆಯಾಗುವ ತನಕ ನಮ್ಮ ಹೆಸರನ್ನು ತಿರುಗಿಸುತ್ತಿತ್ತು. ಈಗಿನ ಗಿರಾಕಿ ಹನ್ನೆರಡು ಪೀಸ್ ಕೊಂಡು ಹದಿನೈದು ಕವರ್ ಕೇಳುತ್ತಾರೆ. ಆ ಮೂರು ಯಾತಕ್ಕೆ ಎಂದು ನಾವು ಕೇಳುವುದಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ನಮ್ಮಲ್ಲಿ ಬಟ್ಟೆ ಕೊಂಡು ದೊಡ್ಡ ಮಳಿಗೆಯ ಕವರ್‌ನಲ್ಲಿ ಹಾಕಿ ಕೊಡುವವರನ್ನೂ ಕಂಡಿದ್ದೇನೆ. ಹೋದ ವರ್ಷ ನನ್ನ ಸ್ವಂತ ಚಿಕ್ಕಮ್ಮನೇ ಹಾಗೆ ಮಾಡಿದಳು. ‘ನಿನ್ನ ಅಂಗಡಿಯ ಹೆಸರು ನಮ್ಮ ಬೀಗರಿಗೆ ಗೊತ್ತಿಲ್ಲಪ್ಪ’ ಎಂದಳು.

ಸೇಡಂ ಟೇಲರ್ · ರವಿವಾರ, ರಾತ್ರಿ 10.20

ಕೊಟ್ಟ ಪೀಸ್ ನನ್ನ ಮೆಷಿನ್ ತನಕ ಬರುವುದು ಅಪರೂಪ. ಬಂದರೂ 80 ಸೆಂಟಿಮೀಟರ್ ಎಂದು ಬರೆದದ್ದು ಅಳೆದರೆ ಎರಡು ಬೆರಳು ಕಡಿಮೆ. ತೋಳು ಉದ್ದ ಬೇಕೆಂದರೆ ಸಾಲುವುದಿಲ್ಲ, ಸೀರೆಗೂ ಹೊಂದುವುದಿಲ್ಲ. ಹೊಲಿಸುವವರು ಟೂ ಬೈ ಟೂ ರುಬಿಯಾ ಎಂಬ ರವಿಕೆ ಬಟ್ಟೆಯನ್ನು ತಾನಿನಿಂದ ಕತ್ತರಿಸಿಕೊಂಡು ಬರುತ್ತಾರೆ. ಲೇನ್-ದೇನ್ ಪೀಸ್‌ಗಳು ನನ್ನ ಹತ್ತಿರ ಬರುವುದು ಚೀಲದ ಅಸ್ತರಕ್ಕೆ, ದಿಂಬಿನ ಒಳಚೀಲಕ್ಕೆ. ತೀರ ಹಳೆಯವಾದರೆ ಅಜ್ಜಿಯಂದಿರು ಕೌದಿಗೆ ಸೇರಿಸುತ್ತಾರೆ. ನಮ್ಮ ಮನೆಯಲ್ಲಿ ಒಂದು ಕೌದಿ ಇದೆ, ಅದರ ನಾಲ್ಕು ಮೂಲೆಯ ಬಟ್ಟೆ ಯಾವ ಯಾವ ಮದುವೆಯದು ಎಂದು ನನ್ನ ಅಜ್ಜಿ ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದಳು.

ಎರಡನೇ ಸೆಮಿಸ್ಟರ್ · ಸೋಮವಾರ, ಬೆಳಿಗ್ಗೆ 7.05

ನಾನು ಮಾನವಶಾಸ್ತ್ರದ ವಿದ್ಯಾರ್ಥಿ. ಈ ಚರ್ಚೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ನಮ್ಮ ಮನೆಯ ಟ್ರಂಕಿನೊಳಗೇ ಇತ್ತು!

ಪಪುವಾ ನ್ಯೂಗಿನಿಯ ಪೂರ್ವಕ್ಕೆ ಟ್ರೋಬ್ರಿಯಾಂಡ್ ಎಂಬ ದ್ವೀಪಗಳಿವೆ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಅಲ್ಲಿ ನೆಲೆಸಿ ‘ಕುಲಾ’ ಎಂಬ ವಿನಿಮಯವನ್ನು ಗಮನಿಸಿ 1922ರಲ್ಲಿ ವಿವರವಾಗಿ ಬರೆದರು. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸಾಗುತ್ತವೆ, ಬಿಳಿ ಚಿಪ್ಪಿನ ತೋಳುಬಳೆಗಳು ಅದರ ಎದುರು ದಿಕ್ಕಿಗೆ. ದಿನಬಳಕೆಗೆ ಅವು ಬಾರವು. ಕೈಗೆ ಬಂದದ್ದನ್ನು ಕೆಲವು ಕಾಲ ಇಟ್ಟುಕೊಂಡು ಮುಂದಕ್ಕೆ ಕೊಡಲೇಬೇಕು. ಬಚ್ಚಿಟ್ಟವನ ಮರ್ಯಾದೆ ಹೋಯಿತು. ಇದಕ್ಕಾಗಿ ದೋಣಿ ಕಟ್ಟಿ ಸಮುದ್ರ ದಾಟುತ್ತಿದ್ದರು.

ಕಪಡಾ ಬಜಾರಿನ ಅಣ್ಣ ಹೇಳಿದ ಎರಡು ಕಪಾಟು ಅಲ್ಲಿಯೂ ಇದೆ. ಚೌಕಾಸಿ ಮಾಡಿ ಕೊಳ್ಳುವ ವ್ಯಾಪಾರಕ್ಕೆ ಅವರಲ್ಲಿ ಬೇರೆ ಹೆಸರು, ‘ಗಿಮ್ವಾಲಿ’. ಕುಲಾದಲ್ಲಿ ಚೌಕಾಸಿ ಮಾಡಿದವನನ್ನು ‘ಇವನು ಗಿಮ್ವಾಲಿಯಂತೆ ಕುಲಾ ಮಾಡುತ್ತಾನೆ’ ಎಂದು ಆಡಿಕೊಳ್ಳುತ್ತಿದ್ದರು. ನಾವೂ ಅಂಗಡಿಯಲ್ಲಿ ಡಜನ್‌ಗೆ ಇಪ್ಪತ್ತು ರೂಪಾಯಿ ಇಳಿಸಿ ಎಂದು ಜಗಳವಾಡಿ, ಅದೇ ಪೀಸನ್ನು ಉಡಿಗೆ ಹಾಕುವಾಗ ಬೆಲೆಯ ಚೀಟಿ ಕಿತ್ತು ಹಾಕುತ್ತೇವೆ.

ಈ ಬರಹಗಳನ್ನು ಆಧರಿಸಿ 1925ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಹೇಳಿದ್ದು ಮೂರು ಕಟ್ಟುಪಾಡುಗಳನ್ನು: ಕೊಡಬೇಕು, ಬೇಡ ಎನ್ನದೆ ತೆಗೆದುಕೊಳ್ಳಬೇಕು, ಹಿಂದಿರುಗಿಸಬೇಕು. ನಮ್ಮಲ್ಲಿ ಇದಕ್ಕೆ ಮುಯ್ಯಿ ಎಂಬ ಒಂದೇ ಮಾತು ಸಾಕು.

ಆದರೆ ಒಂದು ವ್ಯತ್ಯಾಸ ನನ್ನನ್ನು ಕಾಡುತ್ತಿದೆ. ಕುಲಾದ ಹೆಸರಾಂತ ಹಾರಗಳಿಗೆ ಒಂದೊಂದಕ್ಕೂ ಸ್ವಂತ ಹೆಸರಿದೆ, ಚರಿತ್ರೆಯಿದೆ. ಯಾರ ಯಾರ ಕೈ ದಾಟಿತು ಎಂಬುದರ ಮೇಲೆ ಅದರ ಕೀರ್ತಿ ಬೆಳೆಯುತ್ತದೆ. ಜಂಪರ್ ಪೀಸ್ ಎಷ್ಟು ತಿರುಗಿದರೂ ಅನಾಮಧೇಯ. ಬ್ರ್ಯಾಂಡ್ ಇದಕ್ಕೆ ತಿರುಗಾಮುರುಗಾ: ಯಾರ ಕೈಗೂ ಹೋಗುವ ಮೊದಲೇ, ಕಾರ್ಖಾನೆಯಲ್ಲಿಯೇ, ಹೆಸರು ಅಚ್ಚಾಗಿ ಬಂದಿರುತ್ತದೆ.

ತಕರಾರಿನವನು · ಸೋಮವಾರ, ಬೆಳಿಗ್ಗೆ 8.40

ಒಂದು ಜಂಪರ್ ಪೀಸ್‌ಗಾಗಿ ಪಪುವಾ ನ್ಯೂಗಿನಿಗೆ ಹೋಗಿ ಬಂದಿರಲ್ಲ ತಮ್ಮಾ, ಟಿಕೆಟ್ ಯಾರು ತೆಗೆಸಿದರು?

ನನ್ನ ಲೆಕ್ಕ ಸರಳ. ವೈಶಾಖದಲ್ಲಿ ನಮ್ಮ ಮನೆಗೆ ಹದಿನೇಳು ಲಗ್ನಪತ್ರಿಕೆ ಬಂದವು. ಹದಿನೇಳಕ್ಕೂ ಆಹೇರಿ. ಅದೂ ಹಳ್ಳಿಯ ಮದುವೆಯಾದರೆ ಮೈಕಿನಲ್ಲಿ ಹೆಸರು ಕೂಗಿ ‘ಐದು ನೂರಾ ಒಂದು ರೂಪಾಯಿ’ ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಜಾಹೀರಾತು ಯಾವ ಕಂಪನಿ ಮಾಡುತ್ತದೆ? ನಾನು ಐದು ನೂರು ಬರೆಸಿದ ಮನೆಯವರು ಆರು ತಿಂಗಳ ಬಳಿಕ ಸಾವಿರ ಬರೆಸುತ್ತಾರೆ, ಮುಂದಿನ ಸಲ ನಾನು ಸಾವಿರಕ್ಕಿಂತ ಇಳಿಯುವ ಹಾಗಿಲ್ಲ. ಇದನ್ನು ಸಂಸ್ಕೃತಿ ಎನ್ನಿ, ಕುಲಾ ಎನ್ನಿ, ನನ್ನ ಬಾಯಲ್ಲಿ ಇದು ಬಡ್ಡಿಯಿಲ್ಲದ ಸಾಲ. ಕೆಲವರಿಗೆ ಬಡ್ಡಿ ಸಮೇತ.

ಆಳಂದ ರಸ್ತೆ · ಸೋಮವಾರ, ರಾತ್ರಿ 8.15

ತಕರಾರು ಅಣ್ಣಾ, ಸಾಲ ಎಂದದ್ದು ತಪ್ಪೇನಲ್ಲ. ಅವ್ವನ ಹತ್ತಿರ ಖಾತೆಯೇ ಇದೆ. ನೂರು ಪುಟದ ಉದ್ದ ನೋಟ್‌ಬುಕ್, ಹೊದಿಕೆಗೆ ಹಳೆಯ ಕ್ಯಾಲೆಂಡರ್ ಹಾಳೆ. ನನ್ನ ಅಕ್ಕನ ಮದುವೆಯಲ್ಲಿ ಆಹೇರಿ ಬರೆಯಲು ಆರಂಭಿಸಿದ್ದು. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಕೊಟ್ಟದ್ದು. ಅವ್ವ ಓದಿದ್ದು ನಾಲ್ಕನೇ ಇಯತ್ತೆ, ಅಕ್ಷರಗಳು ಒಂದನ್ನೊಂದು ಹಿಡಿದುಕೊಂಡು ನಿಂತ ಹಾಗಿವೆ. ಇವತ್ತು ಇಬ್ಬರೂ ಕುಳಿತು 2016ರ ಪುಟ ಹುಡುಕಿದೆವು. ಸಿಕ್ಕಿತು: ‘ಕಮಲಾಪುರ ಗೃಹಪ್ರವೇಶ. ಸ್ಟೀಲ್ ಡಬ್ಬಿ 1. ಜಂಪರ್ ಪೀಸ್ 1.’ ತೂತಿನ ಸುದ್ದಿ ಬರೆದಿಲ್ಲ. ಏಕೆ ಎಂದು ಕೇಳಿದರೆ, ‘ನಿನ್ನ ಬ್ಯಾಂಕಿನಲ್ಲಿ ಎಲ್ಲವನ್ನೂ ಬರೆಯುತ್ತೀರೇನು?’ ಎಂದಳು.

ಎಡಪುಟದಲ್ಲಿ ಇನ್ನೊಂದು ಕಂಡೆ. ಹಳೆಯ ನಮೂದುಗಳಲ್ಲಿ ‘ಖಣ’, ‘ಗುಳೇದಗುಡ್ಡ ಖಣ’ ಎಂದು ರವಿಕೆ ಬಟ್ಟೆಯ ಹಳೆಯ ಹೆಸರೇ ಇದೆ. ನಂತರ ಬರೀ ‘ಪೀಸ್’. ಈಚಿನ ಎರಡು ಮೂರು ವರ್ಷಗಳಲ್ಲಿ ಬಟ್ಟೆಯ ಹೆಸರೇ ಇಲ್ಲ, ಅಂಗಡಿಯ ಹೆಸರು ಬರೆದಿದ್ದಾಳೆ.

ಗಂಜ್ ಮುನೀಮ · ಸೋಮವಾರ, ರಾತ್ರಿ 11.50

ಹೆಸರಿನ ಮಾತು ಬಂದಿತಲ್ಲ, ಕಾಳುಕಡಿಯ ಮಾರುಕಟ್ಟೆಯಾದ ನಮ್ಮ ನೆಹರೂ ಗಂಜಿನ ಕಥೆ ಕೇಳಿ. ಬಟ್ಟೆ ನನಗೆ ಗೊತ್ತಿಲ್ಲ, ಬೇಳೆ ಗೊತ್ತು.

ರೈತ ತೊಗರಿ ತಂದು ಸುರಿದಾಗ ಅದಕ್ಕೆ ಬ್ರ್ಯಾಂಡ್ ಇರುವುದಿಲ್ಲ. ಖರೀದಿದಾರ ರಾಶಿಯ ಹೊಟ್ಟೆಗೆ ಕೈ ತೂರಿಸಿ ಒಂದು ಮುಷ್ಟಿ ತೆಗೆದು, ಎರಡು ಕಾಳು ಹಲ್ಲಿಗೆ ಹಾಕಿ ಕಟಕ್ಕೆನಿಸಿ ‘ಯಾವ ಊರಿನ ಮಾಲು?’ ಎಂದು ಕೇಳುತ್ತಾನೆ. ಊರೇ ಹೆಸರು. ಅದೇ ತೊಗರಿ ದಾಲ್ ಮಿಲ್ಲಿಗೆ ಹೋಗಿ ಫಟ್ಕಾ ಬೇಳೆಯಾಗಿ ಚೀಲಕ್ಕೆ ಬಿದ್ದ ಮೇಲೆ ಊರು ಮಾಯ. ಚೀಲದ ಮೇಲೆ ಆನೆ, ಕಮಲ, ಮನೆದೇವರು, ಇಲ್ಲವೇ ಸಾಹುಕಾರರ ಮೊಮ್ಮಗಳ ಹೆಸರು ಬರುತ್ತದೆ. ಒಂದೇ ಮಿಲ್ಲಿನಿಂದ ಮೂರು ಹೆಸರಿನ ಚೀಲ ಹೊರಡುವುದುಂಟು.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ನೋಂದಾಯಿತ ಬ್ರ್ಯಾಂಡ್ ಹೆಸರಿನ ಚೀಲದ ಬೇಳೆಗೆ ಶೇ 5, ಹೆಸರಿಲ್ಲದ ಬೇಳೆಗೆ ಸೊನ್ನೆ. ಅಂದರೆ ತೆರಿಗೆ ಬೇಳೆಗಲ್ಲ, ಹೆಸರಿಗೆ. ದೇಶದಾದ್ಯಂತ ವ್ಯಾಪಾರಿಗಳು ಹೆಸರನ್ನು ಬಿಟ್ಟುಕೊಡಲು ಓಡಿದರು. ಸರಕಾರ ಸುಮ್ಮನಿರುತ್ತದೆಯೇ? 2017ರ ಮೇ 15ರಂದು ನೋಂದಣಿಯಲ್ಲಿದ್ದ ಹೆಸರು ನಂತರ ರದ್ದಾದರೂ ನೋಂದಾಯಿತ ಎಂದೇ ಲೆಕ್ಕ ಎಂದಿತು. ನೋಂದಾಯಿಸದೆ ಬಳಸುತ್ತಿದ್ದವರು ಸೊನ್ನೆ ತೆರಿಗೆ ಬೇಕೆಂದರೆ ಆ ಹೆಸರಿನ ಮೇಲಿನ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟಿದ್ದೇನೆ ಎಂದು ಅಫಿಡವಿಟ್ ಕೊಡಬೇಕಾಯಿತು. ಅದನ್ನು ಚೀಲದ ಮೇಲೆಯೂ ಅಳಿಸದ ಶಾಯಿಯಲ್ಲಿ, ಇಂಗ್ಲಿಷಿನಲ್ಲಿ ಮತ್ತು ಸ್ಥಳೀಯ ಭಾಷೆಯಲ್ಲಿ ಅಚ್ಚು ಹಾಕಿಸಬೇಕಾಯಿತು. ಯೋಚಿಸಿ ನೋಡಿ: ಚೀಲದ ಮುಂಭಾಗದಲ್ಲಿ ದೊಡ್ಡದಾಗಿ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಈ ಹೆಸರಿನ ಮೇಲೆ ನಮಗೆ ಹಕ್ಕಿಲ್ಲ’ ಎಂಬ ಮಾತು. ಇಡೀ ಜೀವಮಾನ ಖಾತೆ ಬರೆದವನು ನಾನು, ಇಂಥ ಸಾಲು ಇನ್ನೊಂದು ಕಂಡಿಲ್ಲ.

2022ರ ಜುಲೈ 18ರಿಂದ ಹೆಸರಿನ ಗೊಡವೆ ಬಿಟ್ಟು, 25 ಕಿಲೋ ತನಕದ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಚೀಲಕ್ಕೆಲ್ಲ ಶೇ 5 ಎಂದರು. ಮಾರನೆಯ ದಿನಗಳಲ್ಲಿಯೇ 26 ಕಿಲೋ ಅಕ್ಕಿ ಚೀಲ ಹುಟ್ಟಿತು. ಆ ಹೆಚ್ಚಿನ ಒಂದು ಕಿಲೋ ಯಾಕಿದೆ ಎಂದು ಕೊಂಡವರಲ್ಲಿ ಎಷ್ಟು ಜನರಿಗೆ ಗೊತ್ತು?

ಕೊನೆಗೆ ಇನ್ನೊಂದು. ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದ್ದು 2019ರಲ್ಲಿ. ಊರು ಕಲಬುರಗಿ ಎಂದಾದದ್ದು 2014ರ ನವೆಂಬರ್ 1ಕ್ಕೆ. ದಾಖಲೆಯಲ್ಲಿ ಮಾತ್ರ ‘ಗುಲ್ಬರ್ಗಾ ತೂರ್ ದಾಲ್’ ಎಂದಿದೆ. ಊರು ಹೆಸರು ಬದಲಿಸಿಕೊಂಡಿತು, ಬೇಳೆ ಒಪ್ಪಲಿಲ್ಲ.

ತಕರಾರಿನವನು · ಮಂಗಳವಾರ, ಬೆಳಿಗ್ಗೆ 7.30

ಮುನೀಮ ಕಾಕಾ, ಇಂಥದ್ದು ಬರೆಯುವುದಾದರೆ ನಾನು ತಕರಾರು ತೆಗೆಯುವುದಿಲ್ಲ. ಆದರೆ ರೊಟ್ಟಿಯನ್ನು ಬಿಟ್ಟಿರಲ್ಲ. ರೊಟ್ಟಿ ಕೇಂದ್ರಗಳಲ್ಲಿ ಎಣಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ ಜೋಳದ ರೊಟ್ಟಿ ಈಗ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಪೊಟ್ಟಣವಾಗಿ ಬೆಂಗಳೂರಿಗೆ ಹೋಗುತ್ತಿದೆ. ಸ್ವಸಹಾಯ ಗುಂಪಿನ ಹೆಂಗಸರ ಕೈಗೆ ನಾಲ್ಕು ಕಾಸು ಬರುತ್ತದೆ, ಅದಕ್ಕೆ ನನ್ನ ವಿರೋಧವಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಅದನ್ನು ಕೊಂಡು ಫೋಟೊ ಕಳಿಸಿದ. ಅವನು ಇಲ್ಲಿದ್ದಾಗ ರೊಟ್ಟಿ ಬೇಡ, ಚಪಾತಿ ಮಾಡು ಎಂದು ಅವ್ವನ ಜೊತೆ ಜಗಳವಾಡುತ್ತಿದ್ದ.

ಶಹಾಪುರ ಕಿರಾಣಿ · ಮಂಗಳವಾರ, ಮಧ್ಯಾಹ್ನ 2.45

ಈಗ ಗಿರಾಕಿ ಇಲ್ಲದ ಹೊತ್ತು, ಅದಕ್ಕೆ ಬರೆಯುತ್ತಿದ್ದೇನೆ. ನನ್ನದು ಓಣಿಯ ತಿರುವಿನಲ್ಲಿರುವ ಸಣ್ಣ ಅಂಗಡಿ. ಯಜಮಾನರು ಹೊಲ ನೋಡುತ್ತಾರೆ, ಅಂಗಡಿ ನನ್ನದು.

ಮುನೀಮರು ಮೊಮ್ಮಗಳ ಹೆಸರಿನ ಚೀಲ ಎಂದಿರಿ. ನಿರ್ಮಾ ಕೂಡ ಮಗಳ ಹೆಸರಿನಿಂದ ಬಂದದ್ದೇ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಅದನ್ನು ಸೈಕಲ್ ಮೇಲೆ ಮನೆ ಮನೆಗೆ ಒಯ್ದು ಮಾರುತ್ತಿದ್ದರಂತೆ. ಈಗ ನನ್ನ ಅಂಗಡಿಗೆ ಬರುವ ಮುದುಕಿಯರು ಯಾವ ಪುಡಿಯಾದರೂ ‘ನಿರ್ಮಾ ಕೊಡವ್ವ’ ಎನ್ನುತ್ತಾರೆ. ನಾನು ಬೇರೆ ಕಂಪನಿಯದನ್ನು ಕೊಡುತ್ತೇನೆ, ಅವರು ಒಪ್ಪಿ ಒಯ್ಯುತ್ತಾರೆ. ಕಂಪನಿ ಅಷ್ಟು ದುಡ್ಡು ಸುರಿದು ಕಟ್ಟಿದ ಹೆಸರನ್ನು ನಮ್ಮ ಓಣಿಯವರು ಪದಾರ್ಥದ ಹೆಸರು ಮಾಡಿ ಕೂಡಿಸಿದ್ದಾರೆ. ಮಕ್ಕಳು ಇನ್ನೂ ಬೇರೆ. ‘ಕೂಸಿನ ಬಿಸ್ಕತ್ತು’, ‘ಹುಲಿಯ ಬಿಸ್ಕತ್ತು’, ‘ನೀಲಿ ಚಿಪ್ಸ್’. ಓದಲು ಬರುವ ಮಕ್ಕಳೂ ಹಾಗೆಯೇ ಕೇಳುತ್ತಾರೆ. ಇದೇ ಸಂದಿನಲ್ಲಿ ನಕಲಿ ಮಾಲು ನುಸುಳುತ್ತದೆ. ಅದೇ ಬಣ್ಣ, ಅದೇ ಕೂಸು, ಹೆಸರಿನಲ್ಲಿ ಒಂದಕ್ಷರ ಆಚೆ ಈಚೆ. ಒಮ್ಮೆ ನಾನೂ ಮೋಸ ಹೋಗಿ ಒಂದು ಪೆಟ್ಟಿಗೆ ಇಳಿಸಿಕೊಂಡಿದ್ದೆ. ಕಂಡುಹಿಡಿದದ್ದು ಎಮ್ಮೆ ಕಾಯುವ ಒಬ್ಬ ಹುಡುಗ: ‘ಅತ್ತೆ, ಈ ಕೂಸು ನಗುತ್ತಿಲ್ಲ’ ಎಂದ.

ನಂಬಿಕೆಯ ಮಾತಿಗೆ ಬಂದರೆ, ಸಾಬೂನು ಶಾಂಪೂ ಕಂಪನಿಯ ಹೆಸರಿನ ಮೇಲೆ ಹೋಗುತ್ತವೆ. ಬೇಳೆ, ಬೆಲ್ಲ, ರವೆ ನನ್ನ ಮುಖ ನೋಡಿ ಹೋಗುತ್ತವೆ. ರವೆಯಲ್ಲಿ ಹುಳ ಬಂದರೆ ಕಂಪನಿಗೆ ಫೋನ್ ಮಾಡುವುದಿಲ್ಲ, ನನ್ನ ಗಲ್ಲೆಯ ಮೇಲೆ ತಂದು ಸುರಿಯುತ್ತಾರೆ. ಕಂಪನಿ ಉದ್ರಿಯನ್ನೂ (ಸಾಲ) ಕೊಡುವುದಿಲ್ಲ.

ಇನ್ನೊಂದು ಕಂಡದ್ದು. ನಮ್ಮ ಕಡೆಯಿಂದ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರು ಜಾತ್ರೆಗೋ ಎಳ್ಳ ಅಮಾವಾಸ್ಯೆಗೋ ಊರಿಗೆ ಬರುವಾಗ ಮೈ ಸಾಬೂನು ತರುತ್ತಾರೆ. ಅದೇ ಸಾಬೂನು ನನ್ನ ಅಂಗಡಿಯಲ್ಲಿಯೂ ಇದೆ, ದರವೂ ಅದೇ. ಆದರೂ ‘ಪುಣೆಯಿಂದ ತಂದದ್ದು’ ಎಂದರೆ ಅತ್ತೆಯಂದಿರು ಅದನ್ನು ಬಿಚ್ಚುವುದಿಲ್ಲ. ಟ್ರಂಕಿನಲ್ಲಿ ಸೀರೆಗಳ ನಡುವೆ ಇಡುತ್ತಾರೆ. ವರ್ಷಗಟ್ಟಲೆ ಇಟ್ಟು ಇಟ್ಟು ಸಾಬೂನು ಬಿರುಕು ಬಿಡುತ್ತದೆ, ಸೀರೆಗೆ ಘಮ ಬರುತ್ತದೆ. ಮಗ ತಂದದ್ದು ಎಂದು ಮೂಗಿಗೆ ಹಿಡಿದು ತೋರಿಸುತ್ತಾರೆ.

ಚಿತ್ತಾಪುರದವಳು · ಮಂಗಳವಾರ, ರಾತ್ರಿ 10.05

ಎಲ್ಲವನ್ನೂ ಓದಿದೆ. ಚೆನ್ನಾಗಿದೆ, ನಕ್ಕೆ. ಆದರೆ ಒಂದು ಮಾತು ಯಾರೂ ಎತ್ತಲಿಲ್ಲ.

ನಮ್ಮ ಅವ್ವನ ಟ್ರಂಕಿನಲ್ಲಿಯೂ ನಿಮ್ಮ ಅವ್ವನಷ್ಟೇ ಪೀಸ್ ಇದ್ದವು. ಅಪ್ಪ ತೀರಿಕೊಂಡ ಮೇಲೆ ಒಂದೂ ಬರಲಿಲ್ಲ. ಉಡಿ ತುಂಬುವುದು ಮುತ್ತೈದೆಯರಿಗೆ. ಸ್ವಂತ ತಂಗಿಯ ಮಗಳ ಕುಬಸದಲ್ಲಿ (ಸೀಮಂತ) ಅವ್ವ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತ ಕುಳಿತಿದ್ದಳು. ಹೊರಗೆ ಎಲ್ಲರ ಉಡಿಗೂ ಅಕ್ಕಿ, ಕೊಬ್ಬರಿ ಬಟ್ಟಲು, ಪೀಸ್ ಬೀಳುತ್ತಿದ್ದವು. ಇದ್ದ ಪೀಸ್‌ಗಳನ್ನು ಅವಳು ನನ್ನ ಕೈಯಿಂದ ಕೊಡಿಸಿ ಕೊಡಿಸಿ ಮೂರು ವರ್ಷದಲ್ಲಿ ಟ್ರಂಕ್ ಖಾಲಿಯಾಯಿತು. ನೀವು ಸರಪಳಿ, ಮುಯ್ಯಿ ಎನ್ನುತ್ತೀರಿ. ಅದರಿಂದ ಕಳಚಿ ಬಿದ್ದವರನ್ನು ಕೇಳಿ ನೋಡಿ.

ನನಗೆ ಮೊದಲ ಸಂಬಳ ಬಂದಾಗ ಅವಳನ್ನು ಕಲಬುರಗಿಯ ಒಂದು ದೊಡ್ಡ ಮಳಿಗೆಗೆ ಕರೆದುಕೊಂಡು ಹೋದೆ. ಎ.ಸಿ., ಕನ್ನಡಿ, ಗೊಂಬೆಗಳು. ಕೆಲಸದ ಹುಡುಗಿ ‘ಬನ್ನಿ ಆಂಟಿ, ನಿಮಗೆ ಈ ಬಣ್ಣ ಒಪ್ಪುತ್ತದೆ’ ಎಂದು ಹೆಗಲಿಗೆ ಸೀರೆ ಹಚ್ಚಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಹಣೆ ನೋಡಲಿಲ್ಲ, ಕೊರಳು ನೋಡಲಿಲ್ಲ. ವ್ಯಾಪಾರಕ್ಕಾಗಿಯೇ ಹಾಗೆ ಮಾಡಿದಳು, ನನಗೂ ಗೊತ್ತು. ಆದರೂ ಅವ್ವ ಆ ಕವರ್ ಅನ್ನು ಇನ್ನೂ ಇಟ್ಟುಕೊಂಡಿದ್ದಾಳೆ.

ಎರಡನೇ ಸೆಮಿಸ್ಟರ್ · ಮಂಗಳವಾರ, ರಾತ್ರಿ 11.30

ಅಕ್ಕ, ನಿಮ್ಮ ಮಾತಿನ ಮುಂದೆ ಪಾಠ ಒಪ್ಪಿಸಲು ಸಂಕೋಚವಾಗುತ್ತದೆ. ಆದರೂ ನಾನು ಬರೆದದ್ದರಲ್ಲಿಯೇ ಒಂದು ಕೊರತೆಯಿತ್ತು. ಕುಲಾ ಬಹುಮಟ್ಟಿಗೆ ಗಂಡಸರ ಆಟ. ಮಲಿನೋವ್‌ಸ್ಕಿಯ ಕಣ್ಣು ಅದರ ಮೇಲೆಯೇ ನೆಟ್ಟಿತ್ತು. ಐವತ್ತು ವರ್ಷಗಳ ನಂತರ, 1970ರ ದಶಕದ ಆರಂಭದಲ್ಲಿ, ಮಾನವಶಾಸ್ತ್ರಜ್ಞೆ ಆ್ಯನೆಟ್ ವೈನರ್ ಅದೇ ದ್ವೀಪಕ್ಕೆ ಹೋದಾಗ ಸಾವಿನ ವಿಧಿಯೊಂದರಲ್ಲಿ ಹೆಂಗಸರು ಒಣ ಬಾಳೆ ಎಲೆಯ ಕಟ್ಟುಗಳನ್ನೂ ನಾರಿನ ಲಂಗಗಳನ್ನೂ ಸಾವಿರಗಟ್ಟಲೆ ಹಂಚುವುದನ್ನು ಕಂಡರು. ಅದೇ ಆ ಹೆಂಗಸರ ಸಂಪತ್ತು. ಮೊದಲು ಹೋದವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಲ್ಲಿ ಸಾವು ಹೆಂಗಸರ ಕೊಡುಕೊಳ್ಳುವಿಕೆಗೆ ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ಮುಚ್ಚುತ್ತದೆ. ಇದನ್ನು ನಾನು ಯಾವ ತರಗತಿಯಲ್ಲಿಯೂ ಕೇಳಿರಲಿಲ್ಲ.

ತಕರಾರಿನವನು · ಬುಧವಾರ, ಬೆಳಿಗ್ಗೆ 6.50

ತಂಗಿ, ನನ್ನ ಹದಿನೇಳು ಲಗ್ನಪತ್ರಿಕೆಯ ಗೋಳನ್ನು ಹಿಂದಕ್ಕೆ ತೆಗೆದುಕೊಂಡೆ. ಕರೆಯೇ ಬರದವರ ಗೋಳು ನನ್ನ ಲೆಕ್ಕದಲ್ಲಿಯೇ ಇರಲಿಲ್ಲ.

ಬೀದರ್ ಓಣಿ · ಬುಧವಾರ, ಸಂಜೆ 5.20

ಕೊಡುವ ಮಾಲು, ಉಡುವ ಮಾಲು ಎಂಬ ಮಾತು ಮೂರು ದಿನದಿಂದ ತಲೆಯಲ್ಲಿ ತಿರುಗುತ್ತಿದೆ. ನಮ್ಮ ಬಿದ್ರಿ ಕೂಡ ಈಗ ಪೂರ್ತಿ ಕೊಡುವ ಮಾಲು ಆಗಿಬಿಟ್ಟಿದೆಯಲ್ಲ!

ಹಿಂದಿನ ಬಿದ್ರಿ ನೋಡಿ: ಹುಕ್ಕಾದ ಬುಡ, ಹೂಜಿ, ಪಾನ್‌ದಾನ್, ತಟ್ಟೆ. ಅನುಕೂಲಸ್ಥರ ಮನೆಯಲ್ಲಿ ಕೈಗೆ ಬೀಳುತ್ತಿದ್ದವು, ಹೊಗೆ ಕುಡಿಯುತ್ತಿದ್ದವು, ಎಲೆ ಅಡಿಕೆಯ ಕಲೆ ಹತ್ತುತ್ತಿತ್ತು. ಈಗ ಹೆಚ್ಚು ಬೇಡಿಕೆ ಸ್ಮರಣಿಕೆಗೆ. ಸನ್ಮಾನ, ಶಾಲು, ಹಾರ, ಒಂದು ಬಿದ್ರಿ ಪೆಟ್ಟಿಗೆ. ಅತಿಥಿ ಅದನ್ನು ಮನೆಗೆ ಒಯ್ದು ಗಾಜಿನ ಕಪಾಟಿನಲ್ಲಿ ಇಡುತ್ತಾರೆ, ಇಲ್ಲವೇ ಇನ್ನೊಂದು ಸಮಾರಂಭಕ್ಕೆ ದಾಟಿಸುತ್ತಾರೆ. ಇದು ನನ್ನ ಊಹೆಯಲ್ಲ, ಪೆಟ್ಟಿಗೆಯೊಳಗೆ ಹಿಂದಿನ ಸನ್ಮಾನಿತರ ಹೆಸರಿನ ಚೀಟಿ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕೆಲಸ ಮಾತ್ರ ಇಂದಿಗೂ ಹಾಗೆಯೇ ನಡೆಯುತ್ತದೆ. ಸತುವು ಹದಿನಾರು ಪಾಲು, ತಾಮ್ರ ಒಂದು ಪಾಲು ಕರಗಿಸಿ ಅಚ್ಚು ಹೊಯ್ಯುತ್ತಾರೆ. ಉಳಿಯಿಂದ ಕೊರೆದ ಗೆರೆಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಾಯಿಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಬೇಕು. ಕುಶಲಕರ್ಮಿಗಳು ಅದನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ, ಗಂಜಿನಲ್ಲಿ ಕಾಳನ್ನು ಹಲ್ಲಿಗೆ ಹಾಕಿದ ಹಾಗೆ.

2006ರಲ್ಲಿ ಭೌಗೋಳಿಕ ಸೂಚಿಕೆ ಬಂತು. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಊರು ಹಿಗ್ಗಿತು. ಆದರೆ ಪ್ರವಾಸಿಗರು ಅಂಗಡಿಯಲ್ಲಿ ಕೇಳುವುದು ಒಂದೇ: ‘ಅಸಲಿ ಎಂದು ಎಲ್ಲಿ ಬರೆದಿದೆ?’ ಬೆಳ್ಳಿಯ ಎಳೆಯ ಮೇಲೆ ಬೆರಳು ಆಡಿಸಿ ನೋಡಿ ಎಂದರೆ ನಂಬುವುದಿಲ್ಲ. ಚೀಟಿ ತೋರಿಸಿದರೆ ನಂಬುತ್ತಾರೆ.

ಅಂದ ಹಾಗೆ ಆಳಂದ ರಸ್ತೆ ಅಕ್ಕ, ಆ ಬೀದರಿನ ಮದುವೆ ಯಾವುದು? ನಾವೂ ಈ ವರ್ಷ ಒಂದು ಗಿಣಿಹಸಿರು ಪೀಸ್ ದಾಟಿಸಿದ ನೆನಪು.

ಕಪಡಾ ಬಜಾರ್ ಮೂರನೇ ತಲೆ · ಬುಧವಾರ, ಸಂಜೆ 5.45

ಹೇಳಬೇಡಿ ಅಕ್ಕ, ಹೇಳಿದರೆ ನಾಳೆಯಿಂದ ಎಲ್ಲರೂ ಮಡಿಕೆ ಬಿಚ್ಚಿ ನೋಡಲು ಶುರು ಮಾಡುತ್ತಾರೆ. ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡಿ.

ಆಳಂದ ರಸ್ತೆ · ಬುಧವಾರ, ರಾತ್ರಿ 9.10

ಹೇಳುವುದಿಲ್ಲ.

ಚಿತ್ತಾಪುರದ ತಂಗಿ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಕಾಯಿಪಲ್ಯ ಸೋಸುತ್ತಿದ್ದವಳು ಸೋಸುತ್ತಲೇ ಇದ್ದಳು. ಊಟವಾದ ಮೇಲೆ ಬಂದು, ‘ಆಕೆಯ ಅವ್ವನಿಗೆ ಯಾವ ಬಣ್ಣ ಸೇರುತ್ತದೆ ಎಂದು ಕೇಳು’ ಎಂದಳು. ಕೇಳುತ್ತಿದ್ದೇನೆ.

ಚಿತ್ತಾಪುರದವಳು · ಬುಧವಾರ, ರಾತ್ರಿ 9.55

ನೀಲಿ. ಆದರೆ ಗೋದ್ರೇಜ್‌ನಲ್ಲಿರುವುದು ಬೇಡ. ಕೊಡುವುದಾದರೆ ಉಡುವ ಮಾಲು ಕೊಡಲಿ, ಹೊಲಿಸುತ್ತಾಳೆ.

ಸೇಡಂ ಟೇಲರ್ · ಬುಧವಾರ, ರಾತ್ರಿ 10.10

ಒಂದು ಮೀಟರ್ ತೆಗೆದುಕೊಳ್ಳಿ. 80 ಸೆಂಟಿಮೀಟರ್ ಬೇಡ.

ಆಳಂದ ರಸ್ತೆ · ಮುಂದಿನ ರವಿವಾರ, ರಾತ್ರಿ 8.30

ರುಬಿಯಾ, ನೀಲಿ, ಒಂದು ಮೀಟರ್, ತಾನಿನಿಂದ ಕತ್ತರಿಸಿದ್ದು. ಕಪಡಾ ಬಜಾರಿನಲ್ಲಿಯೇ ಕೊಂಡೆವು. ಯಾವ ಅಂಗಡಿ ಎಂದು ಹೇಳುವುದಿಲ್ಲ, ಮೂರನೇ ತಲೆಯವರು ತಮ್ಮದೇ ಎಂದುಕೊಳ್ಳಲಿ. ಅಂಗಡಿಯವರು ‘ಕೊಡಲಿಕ್ಕೋ, ಉಡಲಿಕ್ಕೋ?’ ಎಂದು ಕೇಳಿದಾಗ ಅವ್ವ ಸ್ವಲ್ಪ ಹೊತ್ತು ತಡವರಿಸಿ ‘ಎರಡಕ್ಕೂ’ ಎಂದಳು.

ಬಂಗಾರದ ಅಕ್ಷರದ ಆ ಕವರ್‌ನಲ್ಲಿ ಈಗ ಅಪ್ಪನ ಬಿ.ಪಿ. ಗುಳಿಗೆ, ಆಸ್ಪತ್ರೆಯ ಚೀಟಿಗಳಿವೆ. ಜಿಪ್ ಗಟ್ಟಿಯಾಗಿದೆ.

ಇವತ್ತು ಚಿಂಚೋಳಿಯಲ್ಲಿ ಒಂದು ಕುಬಸವಿತ್ತು. ಹೊರಡುವ ಮುಂಚೆ ಅವ್ವ ಗಿಣಿಹಸಿರು ಪೀಸನ್ನು ಮಂಡಿಯ ಮೇಲೆ ಹರವಿ, ತೂತು ಮೂರನೆಯ ಮಡಿಕೆಗೆ ಹೋಗುವಂತೆ ಮಡಚಿ, ರಟ್ಟು ತೂರಿಸಿ, ಅಂಗೈಯಿಂದ ಮೂರು ಸಲ ಒತ್ತಿದಳು. ‘ಇಷ್ಟೆಲ್ಲ ಚರ್ಚೆಯಾದ ಮೇಲೂ ಕೊಡುತ್ತೀಯಾ?’ ಎಂದು ಕೇಳಿದೆ. ‘ಇಟ್ಟುಕೊಂಡು ಏನು ಮಾಡಲಿ, ಪೂಜೆ ಮಾಡಲೇ?’ ಎಂದಳು.

ಸಂಜೆ ಬಂದ ಕೂಡಲೇ ಕಾಲು ತೊಳೆದು ನೋಟ್‌ಬುಕ್ ತೆಗೆದಳು. ನಾನು ಹೆಗಲ ಮೇಲಿಂದ ಬಗ್ಗಿ ನೋಡಿದೆ. ಬಲಪುಟದಲ್ಲಿ ಬರೆದದ್ದು ಇಷ್ಟು: ‘ಚಿಂಚೋಳಿ ಕುಬಸ. ಸ್ಟೀಲ್ ಲೋಟ 2. ತೂತಿನ ಖಣ.’